ಮೋಟಾರು ಹೋಗದ ದಾರಿ

ಅವರು ತೀರಿಕೊಂಡ ಮೂರನೆಯ ದಿನ ನಾವುಂದದಲ್ಲಿ ಹೆದ್ದಾರಿ ಬದಿಗೆ ಫ್ಲೆಕ್ಸ್ ಎದ್ದಿತು. ಮೇಲೆ ಅವರ ಮುಖ. ಯಾವುದೋ ಮದುವೆಯ ಗುಂಪು ಫೋಟೋದಿಂದ ಕತ್ತರಿಸಿದ್ದು, ಪಕ್ಕದವರ ನಾಲ್ಕು ಬೆರಳು ಇನ್ನೂ ಹೆಗಲ ಮೇಲಿವೆ. ಕೆಳಗೆ ಸಾಲಾಗಿ ಎಂಟು ಜನ ಶೋಕತಪ್ತರು. ಅವರ ಮುಖಗಳು ಸತ್ತವರ ಮುಖಕ್ಕಿಂತ ಸ್ಪಷ್ಟವಾಗಿ ಬಂದಿದ್ದವು. ಒಬ್ಬನಂತೂ ಕಪ್ಪು ಕನ್ನಡಕ ಹಾಕಿಕೊಂಡೇ ದುಃಖಿಸುತ್ತಿದ್ದ. ‘ಸೈಕಲ್ ಸಂತ, ಪರಿಸರಪ್ರೇಮಿ, ಮತ್ತೆ ಹುಟ್ಟಿ ಬನ್ನಿ’ ಎಂದು ಬರೆದಿತ್ತು. ಆ ಎಂಟರಲ್ಲಿ ಆರು ಮಂದಿ ಅವರ ದಾರಿಗೆ ಅಡ್ಡ ಗೋಡೆ ಕಟ್ಟಿದವರು. ನನ್ನದೂ ಒಂದು ಫೋಟೋ ಕೇಳಿದ್ದರು, ನಾನು ಕಳಿಸಲಿಲ್ಲ. ಹಾಗೆಂದು ನಾನೇನೂ ಸಾಚಾ ಅಲ್ಲ. ಮೊದಲ ಗೋಡೆ ನನ್ನದು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಓದುವವರಿಗೆ ಆಮೇಲೆ ಮೋಸ ಅನ್ನಿಸಬಾರದು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಊರಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಕಡಿಮೆ. ‘ಸೈಕಲ್ ಶಾಪಿನವ್ರ್’ ಅಂದರೆ ಸಾಕಿತ್ತು. ಗಿಡ್ಡ ಆಳು, ಮೊಣಕಾಲಿನ ಮೇಲೆ ಕಟ್ಟಿದ ಲುಂಗಿ, ಟಯರು ಎಬ್ಬಿಸಿ ಎಬ್ಬಿಸಿ ಚಪ್ಪಟೆಯಾದ ಹೆಬ್ಬೆರಳು. ಬೀಚಿಗೆ ಇಳಿಯುವ ರಸ್ತೆಯ ಬಾಯಲ್ಲಿ ತಗಡಿನ ಮಾಡಿನ ಅಂಗಡಿ. ನಾನು ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಮನೆಯಲ್ಲಿ ಟಿ.ವಿ. ಧಾರಾವಾಹಿಯ ಅಳು ಕೇಳಲಾರದೆ ಸಂಜೆ ಅವರ ಬೆಂಚಿನ ಮೇಲೆ ಹೋಗಿ ಕೂರುವುದು ರೂಢಿಯಾಗಿತ್ತು.

ಅವರ ಬಾಯಲ್ಲಿ ದಿನಕ್ಕೆ ನೂರು ಸಲ ಬರುತ್ತಿದ್ದ ಮಾತು ಒಂದೇ: ‘ಹೇಸ್ಗಿ.’ ಸ್ಕೂಟರಿಗೆ ಗಾಳಿ ಕೇಳಿ ಬಂದವನಿಗೆ ‘ಗಾಳಿ ಇಲ್ಲೆ’ ಅನ್ನುತ್ತಿದ್ದರು. ಪಂಪು ಅವನ ಕಣ್ಣೆದುರೇ ಇರುತ್ತಿತ್ತು. ಅವನು ಅದನ್ನು ತೋರಿಸಿದರೆ, ‘ಅದ್ ಸೈಕಲ್ ಗಾಳಿ, ನಿಮ್ಗ್ ಆತಿಲ್ಲೆ’ ಎಂಬ ಉತ್ತರ. ಭಾನುವಾರ ಮುಂಬೈ, ಬೆಂಗಳೂರು ಹೋಟೆಲಿನವರು ರಜೆಗೆ ಬಂದಾಗ ಕಾರಿನ ತಲೆಯ ಮೇಲೆ ಗಿಯರ್ ಸೈಕಲ್ ಕಟ್ಟಿಕೊಂಡು ಬೀಚಿಗೆ ಬರುತ್ತಾರಲ್ಲ, ಅವರನ್ನು ಕಂಡರೆ ಇವರಿಗೆ ಮೈಯೆಲ್ಲ ಉರಿ.

‘ಕಾಣಿ ಮಾರಾಯ್ರೆ, ಸೈಕಲ್ ಮನ್ಷ್ಯನ್ ಹೊತ್ಕಂಡ್ ಹೋಪ್ದಾ, ಮನ್ಷ್ಯ ಸೈಕಲ್ ಹೊತ್ಕಂಡ್ ಹೋಪ್ದಾ? ಹೇಸ್ಗಿ. ಕಾಲ್ ಎಂತಕ್ ಕೊಟ್ಟದ್ ದೇವ್ರ್?’

ಅಂಗಡಿಗೆ ನಿಜವಾದ ಗಿರಾಕಿಗಳೆಂದರೆ ಬೀಚಿನ ಬದಿಯ ಮನೆಗಳಿಂದ ಗೇರುಬೀಜದ ಕಾರ್ಖಾನೆಗೆ ಹೋಗುವ ಹೆಂಗಸರು. ಬೆಳಿಗ್ಗೆ ಬುತ್ತಿ ಕ್ಯಾರಿಯರಿಗೆ ಸಿಕ್ಕಿಸಿಕೊಂಡು ಹೊರಟರೆ ಸಂಜೆ ಕೈಯೆಲ್ಲ ಕಪ್ಪು ಮಾಡಿಕೊಂಡು ವಾಪಸ್ಸು. ಅವರಲ್ಲಿ ಗುಲಾಬಿ ಎಂಬವಳು ಮುಂದಾಳು. ಅವಳ ಸೈಕಲ್ಲಿನ ಚಕ್ರಕ್ಕೆ ಸೀರೆ ಸಿಕ್ಕದ ಹಾಗೆ ಇವರು ಬಲೆ ಕಟ್ಟಿಕೊಟ್ಟಿದ್ದರು, ಮೀನು ಹಿಡಿಯುವ ಹಳೇ ಬಲೆಯನ್ನೇ ಮಡಚಿ. ಸೈಕಲ್ ಕಂಪನಿಯ ಸೀರೆ ಗಾರ್ಡಿಗಿಂತ ಅದೇ ಬಾಳಿಕೆ ಬಂತು.

ಇಂಥವರ ಅಂಗಡಿಗೆ ಫ್ರಾನ್ಸ್ ದೇಶ ಹೇಗೆ ಬಂತು ಎಂದರೆ ಒಂದು ಲಾರಿಯಿಂದ ಬಂತು. ಗೋವಾದಿಂದ ಕನ್ಯಾಕುಮಾರಿಗೆ ಸೈಕಲ್ಲಿನಲ್ಲಿ ಹೊರಟ ಆ ದೇಶದ ಗಂಡಹೆಂಡಿರು, ಇಬ್ಬರಿಗೂ ಅರವತ್ತರ ಆಸುಪಾಸು, ಚಕ್ರದ ಎರಡೂ ಬದಿ ಚೀಲ ಕಟ್ಟಿಕೊಂಡಿದ್ದವರು. ಹೆದ್ದಾರಿಯಲ್ಲಿ ಯಾವುದೋ ಲಾರಿ ಒತ್ತಿಕೊಂಡು ಬಂದು ಅವರನ್ನು ಚರಂಡಿಗೆ ಇಳಿಸಿತು. ಮೈಗೆ ಏನೂ ಆಗಲಿಲ್ಲ, ಗಂಡನ ಸೈಕಲ್ಲಿನ ಹಿಂದಿನ ಚಕ್ರ ಸೊಟ್ಟಗಾಯಿತು. ನಮ್ಮವರ ಹತ್ತಿರ ಆ ಅಳತೆಯ ಕಡ್ಡಿ ಎಲ್ಲಿಯದು? ಬೇರೆ ಕಡ್ಡಿ ತಂದು ಕತ್ತರಿಸಿ, ಅರದಿಂದ ಉಜ್ಜಿ, ಮೂರು ದಿನ ಕೂತು ಸರಿಮಾಡಿದರು. ಆ ಮೂರು ದಿನದಲ್ಲಿ ಒಂದು ದಿನ ಅವರಿಬ್ಬರಿಗೂ ಹೆಂಗಸರ ಎರಡು ಸೈಕಲ್ ಕೊಡಿಸಿ, ನಮ್ಮ ಒಳದಾರಿಯಲ್ಲಿ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ.

ಆ ದಾರಿಯನ್ನು ಸ್ವಲ್ಪ ಹೇಳಬೇಕು. ಬೀಚಿನ ಕಡೆಯಿಂದ ನೀರು ಹರಿಯುವ ತೋಡಿನ ದಂಡೆ ಹಿಡಿದು ಬಂದು, ಹೆದ್ದಾರಿಯ ಸೇತುವೆಯ ಅಡಿಗೆ ತಲೆ ತಗ್ಗಿಸಿ ನುಸುಳಿದರೆ ನನ್ನ ಮನೆಯ ಹಿತ್ತಲು. ಮೇಲೆ ಲಾರಿ ಗುಡುಗುತ್ತಿರುತ್ತದೆ, ಕೆಳಗೆ ನಾವು ನಮ್ಮಷ್ಟಕ್ಕೆ. ನನ್ನದೂ ಸೇರಿ ಒಂಬತ್ತು ಮನೆಗಳ ಅಂಗಳದ ಅಂಚು ದಾಟಬೇಕು, ನಡುನಡುವೆ ಗದ್ದೆಯ ಕಟ್ಟು, ಮರಗಳು ಒತ್ತಾಗಿ ಬೆಳೆದ ಒಂದು ಹಾಡಿಯ ನೆರಳು, ಕೊನೆಗೆ ವಂಡ್ಸೆ ಕಡೆಗೆ ಹೋಗುವ ಒಳರಸ್ತೆ. ಗೇರುಬೀಜದ ಕಾರ್ಖಾನೆ ಇರುವುದು ಅಲ್ಲೇ. ಇಷ್ಟುದ್ದ ದಾರಿಗೆ ಒಂದು ಚೂರು ಕಾಗದವಿಲ್ಲ. ಯಾರೂ ಕೇಳಿದ್ದಲ್ಲ, ಯಾರೂ ಕೊಟ್ಟದ್ದಲ್ಲ. ಅಂಗಳದ ಮೂಲೆಗೆ ಬರುವಾಗ ಒಂದು ಸಲ ಬೆಲ್ ಹೊಡೆಯಬೇಕು, ಬಾವಿಕಟ್ಟೆಯಲ್ಲಿ ಹೆಂಗಸರು ಇದ್ದರೆ ಗೊತ್ತಾಗಲಿ ಎಂದು. ಮನೆಯವರು ‘ಎಲ್ಲಿಗ್?’ ಅನ್ನುತ್ತಾರೆ. ಹೋಗುವವರು ‘ಇಲ್ಲೇ’ ಅನ್ನುತ್ತಾರೆ. ನಮ್ಮ ಕಡೆ ಅಪ್ಪಣೆ ಕೇಳುವುದೂ ಕೊಡುವುದೂ ಅಷ್ಟೇ.

ಆ ಪರದೇಶದ ಹೆಂಗಸು ಹಾಡಿಯಲ್ಲಿ ಸೈಕಲ್ ಇಳಿದು ನಿಂತುಬಿಟ್ಟಳು. ಗಂಡನಿಗೆ ಏನೋ ಹೇಳಿದಳು. ಅವನು ಮುರುಕು ಇಂಗ್ಲಿಷಿನಲ್ಲಿ ನನಗೆ ವಿವರಿಸಿದ. ತಮ್ಮ ದೇಶದಲ್ಲಿ ಇಂಥ ದಾರಿಗಳಿವೆ, ಕಾಲುವೆಯ ದಂಡೆಯ ಮೇಲೆ, ರೈಲು ನಿಂತುಹೋದ ಹಳಿಗಳ ಜಾಗದಲ್ಲಿ, ಮೋಟಾರಿಗೆ ಪ್ರವೇಶವಿಲ್ಲ, ಊರೂರು ದಾಟಿ ವಾರಗಟ್ಟಲೆ ಹೋಗಬಹುದು. ಅದನ್ನು ಮಾಡುವುದಕ್ಕೆ ಸರಕಾರಕ್ಕೆ ಎಷ್ಟೋ ವರ್ಷ ಹಿಡಿಯಿತು, ನಿಮ್ಮಲ್ಲಿ ತನ್ನಷ್ಟಕ್ಕೇ ಇದೆ, ಎಂದ. ನಾನು ಅದನ್ನು ನಮ್ಮವರಿಗೆ ಹೇಳಿದೆ. ಆ ದಿನ ವಾಪಸು ಬರುವಾಗ ಅವರು ಅಂಗಳದ ಮೂಲೆ ಮೂಲೆಯಲ್ಲಿ ಎರಡೆರಡು ಸಲ ಬೆಲ್ ಹೊಡೆದರು.

ಹೋಗುವಾಗ ಆ ದಂಪತಿ ಒಂದು ಪುಸ್ತಕ ಬಿಟ್ಟುಹೋದರು. ಅವರ ದೇಶದ ಸೈಕಲ್ ದಾರಿಗಳ ನಕ್ಷೆ. ಅದು ಬಂದ ಮೇಲೆ ಇವರ ನಡವಳಿಕೆಯೇ ಬದಲಾಯಿತು. ಮೊದಲು ಸೀಮೆಎಣ್ಣೆಯಲ್ಲಿ, ಆಮೇಲೆ ಸಾಬೂನಿನಲ್ಲಿ ಕೈ ತೊಳೆದು, ಲುಂಗಿಗೆ ಒರೆಸದೆ ಗಾಳಿಗೆ ಒಣಗಿಸಿಕೊಂಡು ಪುಸ್ತಕ ಬಿಚ್ಚುತ್ತಿದ್ದರು. ಆ ಭಾಷೆಯ ಒಂದಕ್ಷರ ಓದಲು ಬಾರದು. ಗುಲಾಬಿಯ ಮಗಳು ಮೊಬೈಲಿನಲ್ಲಿ ಅನುವಾದ ಮಾಡುವ ಉಪಾಯ ಹೇಳಿಕೊಟ್ಟಳು. ಪುಟದ ಮೇಲೆ ಮೊಬೈಲು ಹಿಡಿದರೆ ಕನ್ನಡ ಬರುತ್ತಿತ್ತು, ಅದೂ ಎಂಥ ಕನ್ನಡ, ‘ಇಲ್ಲಿ ಕುದುರೆ ನಿಮ್ಮನ್ನು ಕುಡಿಯುತ್ತದೆ’ ಎಂಬಂಥದ್ದು. ಇವರು ಅದನ್ನೂ ಗಂಭೀರವಾಗಿ ಓದಿ, ಅಲ್ಲಿ ಕುದುರೆಗೆ ನೀರಿನ ತೊಟ್ಟಿ ಇದ್ದೀತು ಎಂದು ಅರ್ಥಮಾಡಿಕೊಳ್ಳುತ್ತಿದ್ದರು.

ಮಳೆಗಾಲದಲ್ಲಿ ಗಿರಾಕಿ ಇಲ್ಲದಾಗ ಅವರು ಆ ನಕ್ಷೆಯಲ್ಲಿ ಪ್ರಯಾಣ ಹೊರಟರು. ಪೆನ್ಸಿಲಿನಿಂದ ದಿನಕ್ಕೊಂದು ಚುಕ್ಕೆ. ದಿನಕ್ಕೆ ಮೂವತ್ತು ಕಿಲೋಮೀಟರಿಗಿಂತ ಹೆಚ್ಚು ಹೋಗುತ್ತಿರಲಿಲ್ಲ, ‘ಪ್ರಾಯ ಆಯ್ತಲ್ದಾ’ ಅನ್ನುತ್ತಿದ್ದರು. ಸಂಜೆ ನಾನು ಬೆಂಚಿನ ಮೇಲೆ ಕೂತ ಕೂಡಲೇ ವರದಿ.

‘ನಿನ್ನೆ ಲೋಯ್ರೆ ಹೊಳಿ ದಾಟ್ದೆ. ದೊಡ್ ಹೊಳಿ. ಬದೀಯಂಗೇ ದಾರಿ ಇತ್ತ್. ಒಂದ್ ಕಾಲ್ವಿ ಬಾಗ್ಲ್ ಸಿಕ್ತ್. ನಮ್ ಕಿಂಡಿ ಅಣೆಕಟ್ಟಿಗ್ ಹಲ್ಗಿ ಹಾಕ್ತ್ರಲ್ದಾ, ಹಾಂಗೇ.’

‘ಮೋಟಾರ್ ಬೈಕ್ ಸಿಕ್ಕಿತಾ?’ ಎಂದು ನಾನು ಕಿಚಾಯಿಸುತ್ತಿದ್ದೆ.

‘ಬಪ್ಪುಕ್ ಬಿಡ್ತಿಲ್ಲೆ ಅಂಬ್ರ್. ಬಾಯಲ್ಲ್ ಹೇಳುದಲ್ಲ, ಬೋರ್ಡ್ ಇತ್ತ್. ಹಸ್ರ್ ಬೋರ್ಡ್.’

ಈ ಹಸಿರು ಬೋರ್ಡು ಅವರ ತಲೆಯಲ್ಲಿ ಹೊಕ್ಕಿತು. ಆ ದೇಶದ ದಾರಿ ಉಳಿದಿರುವುದು ಬೋರ್ಡಿನಿಂದ, ನಮ್ಮದಕ್ಕೆ ಬೋರ್ಡಿಲ್ಲ, ಹಾಗಾಗಿ ನಾಳೆ ಯಾವನಾದರೂ ಬೈಕು ನುಗ್ಗಿಸಿದರೆ ಕೇಳುವವರಿಲ್ಲ, ಇದು ಅವರ ಲೆಕ್ಕಾಚಾರ. ಎಣ್ಣೆ ಡಬ್ಬದ ತಗಡು ಕತ್ತರಿಸಿ, ಹಸಿರು ಬಣ್ಣ ಬಳಿದು, ಬಿಳಿಯಲ್ಲಿ ಒಂದು ಸೈಕಲ್, ಒಂದು ಬಾಣ, ಕೆಳಗೆ ‘ಸೈಕಲ್ ದಾರಿ. ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ’ ಎಂದು ಬರೆದರು. ಒಂಬತ್ತು ಮನೆಗೆ ಒಂಬತ್ತು ಬೋರ್ಡು. ಅಷ್ಟಕ್ಕೇ ನಿಲ್ಲದೆ, ಈ ದಾರಿಯನ್ನು ಸೈಕಲ್ ದಾರಿ ಎಂದು ಘೋಷಿಸಬೇಕು ಎಂದು ಪಂಚಾಯತಿಗೆ ಅರ್ಜಿ ಕೊಟ್ಟರು. ಅರ್ಜಿ ಬರೆದುಕೊಟ್ಟವನು ನಾನೇ. ಗುಮಾಸ್ತನಲ್ಲವೇ, ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುಮಾಡಿ ಚೆನ್ನಾಗಿಯೇ ಬರೆದಿದ್ದೆ.

ಊರವರು ಬೋರ್ಡಿನಲ್ಲಿ ಓದಿಕೊಂಡದ್ದೇ ಬೇರೆ. ಹೆದ್ದಾರಿ ಅಗಲ ಮಾಡುವಾಗ ಅಂಗಳ, ಬಾವಿ, ತುಳಸಿಕಟ್ಟೆ ಕಳೆದುಕೊಂಡ ಊರು ಇದು. ಮೊದಲು ಬಂದದ್ದು ಕಲ್ಲು, ಆಮೇಲೆ ಬೋರ್ಡು, ಆಮೇಲೆ ಜೆಸಿಬಿ. ಹಾಗಾಗಿ ಅಂಗಳದಲ್ಲಿ ಬೋರ್ಡು ಕಂಡ ಕೂಡಲೇ ಎಲ್ಲರ ಕಣ್ಣಿಗೂ ಬಂದದ್ದು ಜೆಸಿಬಿ. ಯಾರೋ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರು. ಅದು ಮುಂಬೈಗೆ ಹೋಗಿ, ಅಲ್ಲಿ ಹೋಟೆಲು ನಡೆಸುವ ನನ್ನ ಹೆಂಡತಿಯ ಅಣ್ಣನಿಗೆ ತಲುಪಿ, ಅವನ ಫೋನು ಬಂತು.

‘ಭಾವ, ನಿಮ್ ಮಂಡೆ ಸಮ ಇತ್ತಾ? ಅರ್ಜಿ ನೀವೇ ಬರ್ದ್ ಕೊಟ್ರಿ ಅಂಬ್ರ್. ಇವತ್ತ್ ಸೈಕಲ್, ನಾಳೆ ರಿಕ್ಷಾ, ನಾಡ್ದ್ ಡಾಂಬರ್. ಜಾಗ ಖಲ್ಲಾಸ್. ಪಂಚಾಯ್ತಿಯವ್ರ್ ಕಾಂಬುಕ್ ಬಪ್ಪು ಮುಂಚೆ ಗೋಡಿ ಹಾಕಿ.’

ನಾನು ಹಾಕಿದೆ. ಎರಡು ರಾತ್ರಿ ನಿದ್ದೆ ಬರಲಿಲ್ಲ, ಮನಸ್ಸು ಒಪ್ಪಲಿಲ್ಲ ಎಂದೆಲ್ಲ ಇಲ್ಲಿ ಬರೆಯಬಹುದು, ಆದರೆ ಅದು ಸುಳ್ಳು. ಚೆನ್ನಾಗಿ ನಿದ್ದೆ ಮಾಡಿ, ಬೆಳಿಗ್ಗೆ ಎದ್ದು, ಕೆಂಪುಕಲ್ಲು ತರಿಸಿದೆ. ಹೆಂಡತಿ ಒಂದೇ ಮಾತು ಕೇಳಿದಳು, ‘ಇನ್ ಗುಲಾಬಿ ಎಲ್ಲಿಂದ ಹೋಪ್ದ್?’ ನಾನು, ‘ರಸ್ತೆ ಇಲ್ವಾ? ಸರಕಾರ ಅಷ್ಟಗಲ ರಸ್ತೆ ಯಾತಕ್ಕೆ ಮಾಡಿದ್ದು?’ ಎಂದೆ. ಈ ಮಾತು ನೆನಪಾದಾಗ ಈಗಲೂ ನನ್ನ ಬಾಯಿ ನನಗೇ ನಾರುತ್ತದೆ.

ನಮ್ಮ ಕಡೆ ಹಾದಿ ಮುಚ್ಚುವುದಕ್ಕೆ ಮೊದಲಿಗನಾಗಲು ಯಾರಿಗೂ ಮುಖವಿರುವುದಿಲ್ಲ. ಮೊದಲಿಗ ಒಬ್ಬ ಸಿಕ್ಕಿದರೆ ಉಳಿದವರಿಗೆ ಮುಖ ಬೇಕಾಗುವುದೇ ಇಲ್ಲ. ‘ಗುಮಾಸ್ತ್ರೇ ಹಾಕಿರ್ ಅಂದ್ಮೇಲೆ’ ಎಂದು ಪಕ್ಕದ ಮನೆಯವರು ಹಾಕಿದರು. ಒಂದು ತಿಂಗಳಿನಲ್ಲಿ ಒಂಬತ್ತು ಗೋಡೆ. ಒಬ್ಬರು ಗಾಜಿನ ಚೂರನ್ನೂ ಮೇಲೆ ನೆಟ್ಟರು. ಅಜ್ಜನ ಕಾಲದಿಂದ ಯಾರೂ ಮುಟ್ಟದ ಆ ಅಂಚಿನಲ್ಲಿ ಕದಿಯುವುದಕ್ಕೆ ಏನಿತ್ತೋ ದೇವರಿಗೇ ಗೊತ್ತು. ಅತ್ತ ಪಂಚಾಯತಿಯವರು ಅರ್ಜಿಯನ್ನು ಓದಿಯೂ ಇರಲಿಲ್ಲ.

ಅವರು ಬಂದರು. ಸೈಕಲ್ ನೂಕಿಕೊಂಡು ಸೇತುವೆಯ ಅಡಿಯಿಂದ ಬಂದು, ಗೋಡೆಯ ಆಚೆ ನಿಂತರು. ನಾನು ಈಚೆ. ಎದೆಮಟ್ಟದ ಗೋಡೆ, ಮುಖ ಕಾಣುತ್ತಿತ್ತು. ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೂ ನಾಲ್ಕು ಮಾತು ತಯಾರಿದ್ದವು.

‘ತಪ್ಪ್ ನಂದೇ,’ ಎಂದರು. ‘ಬೋರ್ಡ್ ಇಲ್ದಿದ್ರೆ ದಾರಿ ಉಳೀತಿತ್ತ್. ಅಲ್ಲಿ ಪದ್ಧತಿ ಅಲ್ಲಿಗೆ. ನಾ ಪುಸ್ತ್ಕ ಕಂಡ್ ಹಾಳಾದೆ.’

ಆಮೇಲೆ ಸ್ಕ್ರೂಡ್ರೈವರ್ ತೆಗೆದು ತೆಂಗಿನ ಮರಕ್ಕೆ ಹಾಕಿದ್ದ ಬೋರ್ಡು ಬಿಚ್ಚಿಕೊಂಡರು. ಸ್ಕ್ರೂ ನಾಲ್ಕನ್ನೂ ಕಿಸೆಗೆ ಹಾಕಿಕೊಂಡು ಹೋದರು. ನಕ್ಷೆಯ ಪುಸ್ತಕವನ್ನು ಆಮೇಲೆ ನಾನು ಅವರ ಅಂಗಡಿಯಲ್ಲಿ ಬಿಚ್ಚಿದ್ದು ಕಾಣಲಿಲ್ಲ. ಕೇಳುವ ಧೈರ್ಯವೂ ನನಗಿರಲಿಲ್ಲ. ಸಂಜೆ ಅಂಗಡಿಗೆ ಹೋಗುವುದು ಮಾತ್ರ ನಾನು ಬಿಡಲಿಲ್ಲ. ಅವರೂ ಬೆಂಚು ಒರೆಸಿ ಕೊಡುವುದು ಬಿಡಲಿಲ್ಲ. ಅಷ್ಟು ಒಳ್ಳೆಯತನ ತೋರಿಸಿದ್ದಕ್ಕೆ ಅವರ ಮೇಲೆ ಆಗಾಗ ಸಿಟ್ಟು ಬರುತ್ತಿತ್ತು.

ಹೆಂಗಸರು ಹೆದ್ದಾರಿ ಹತ್ತಿದರು. ಡಿವೈಡರಿನ ತೆರವಿನಲ್ಲಿ ನಾಲ್ಕು ಸಾಲು ರಸ್ತೆ ದಾಟಿ, ಬದಿ ಹಿಡಿದು ಒಳರಸ್ತೆ ಕವಲೊಡೆಯುವ ಕೈಕಂಬದವರೆಗೆ ಹೋಗಬೇಕು. ಮೊದಲ ಮಳೆಗೇ ಒಂದು ಬಸ್ಸು ಗುಲಾಬಿಯನ್ನು ಉಜ್ಜಿಕೊಂಡು ಹೋಯಿತು. ಮೊಣಕೈ ಮುರಿಯಿತು. ಬೀಜ ಒಡೆಯುವ ಕೈ ಅದು. ಬಸ್ಸು ನಿಲ್ಲಲಿಲ್ಲ. ನಿಂತವರು ಮೊಬೈಲಿನಲ್ಲಿ ವೀಡಿಯೋ ತೆಗೆದರು. ಅದರಲ್ಲಿ ಅವಳು ಕೆಸರಿನಲ್ಲಿ ಕೂತು ಬುತ್ತಿಯ ಮುಚ್ಚಳ ಹುಡುಕುವುದು ಕಾಣುತ್ತದೆ. ಆ ವೀಡಿಯೋ ನನ್ನ ಮೊಬೈಲಿಗೂ ಬಂತು, ಕೆಳಗೆ ಕೈಮುಗಿದ ಚಿತ್ರ ಹಾಕಿ ಕಳಿಸಿದವನು ಮೂರನೇ ಗೋಡೆಯ ಯಜಮಾನ.

ಮರುದಿನದಿಂದ ಸೈಕಲ್ ಶಾಪಿನವರು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಅಂಗಡಿ ಮುಚ್ಚತೊಡಗಿದರು. ಬಿಚ್ಚಿ ತಂದ ಬೋರ್ಡಿನ ಬೆನ್ನಿಗೆ ಕೆಂಪು ಬಳಿದು, ‘ನಿಲ್ಲಿ’ ಎಂದು ಬರೆದು, ಕೋಲು ಸಿಕ್ಕಿಸಿ, ಡಿವೈಡರಿನ ತೆರವಿನಲ್ಲಿ ನಿಂತರು. ಮೋಟಾರಿನ ಹೊಗೆ ಮೂಗಿಗೆ ಬಡಿದರೆ ಅಂಗಡಿಯ ಬಾಗಿಲು ಮುಚ್ಚುತ್ತಿದ್ದ ಮನುಷ್ಯ, ಹೊಗೆಯ ನಡುವೆ ಹೋಗಿ ನಿಂತರು. ಬಾಯಿಗೆ ಹೆಗಲ ಮೇಲಿನ ಬೈರಾಸ ಕಟ್ಟಿಕೊಂಡು, ಅವರು ರಸ್ತೆಗೆ ಹೆಜ್ಜೆ ಇಡುವ ರೀತಿಯೇ ಬೇರೆ ಇತ್ತು. ಓಡುವುದಿಲ್ಲ, ಹೆದರುವುದಿಲ್ಲ, ಗಾಡಿಯನ್ನು ನೋಡುವುದಿಲ್ಲ, ಡ್ರೈವರನ ಕಣ್ಣನ್ನೇ ನೋಡುವುದು. ಲಾರಿಗಳು ನಿಲ್ಲುತ್ತಿದ್ದವು. ಒಮ್ಮೆ ಒಬ್ಬ ಕಾರಿನವನು ಕಿಟಕಿ ಇಳಿಸಿ ಎಲೆಯಡಿಕೆ ಉಗಿದ. ಅಂಗಿಯ ತೋಳಿಗೆ ಬಿತ್ತು. ಇವರು ತೋಳು ಮಡಚಿಕೊಂಡು ಕೊನೆಯ ಹೆಂಗಸು ದಾಟುವವರೆಗೆ ಹಾಗೇ ನಿಂತರು. ಸಂಜೆ ನಾನು ಆ ವಿಷಯ ಎತ್ತಿದಾಗ, ‘ಉಗ್ದದ್ ಅವ್ನ್ ಒಬ್ನೇಯಾ?’ ಎಂದಷ್ಟೇ ಹೇಳಿ ಟ್ಯೂಬನ್ನು ನೀರಿಗೆ ಅದ್ದಿದರು. ಉಳಿದವರು ಯಾರು ಎಂದು ನಾನು ಕೇಳಲಿಲ್ಲ.

ಎರಡು ಮಳೆಗಾಲ ನಿಂತರು. ಆಮೇಲೆ ಜ್ವರ ಬಂತು, ಕೆಮ್ಮು ಬಂತು, ನಾಲ್ಕೇ ದಿನ. ಕುಂದಾಪುರದ ಆಸ್ಪತ್ರೆಗೆ ನಾನು ಹೋದಾಗ ಮಾತು ನಿಂತಿತ್ತು. ಕೈ ಮುಟ್ಟಿ ಕೂತು, ಏನು ಹೇಳಬೇಕೋ ಅದನ್ನು ಹೇಳದೆ, ‘ಊಟ ಮಾಡಿದ್ರಾ’ ಎಂದು ಕೇಳಿ ಬಂದೆ.

ನುಡಿನಮನ ಶಾಲೆಯ ಸಭಾಭವನದಲ್ಲಿ ಆಯಿತು. ಗಾಜಿನ ಚೂರು ನೆಟ್ಟವರೇ ಅಧ್ಯಕ್ಷರು. ‘ನಮ್ ಊರಿಗ್ ಫ್ರಾನ್ಸ್ ದೇಶ ತಂದ್ರ್’ ಎಂದು ಒಬ್ಬರು. ಅವರ ನೆನಪಿಗೆ ವರ್ಷ ವರ್ಷ ಹೆದ್ದಾರಿಯಲ್ಲಿ ಸೈಕಲ್ ಜಾಥಾ ಮಾಡುವುದೆಂದು ತೀರ್ಮಾನವಾಯಿತು. ಮುಂದೆ ಮೈಕಿನ ಕಾರು, ಹಿಂದೆ ಆಂಬುಲೆನ್ಸು, ದಣಿದವರ ಸೈಕಲ್ ವಾಪಸು ತರಲು ಎರಡು ಟೆಂಪೋ. ಟೀಶರ್ಟಿನ ಬಣ್ಣಕ್ಕೆ ಕಾಲು ಗಂಟೆ ಚರ್ಚೆ ನಡೆಯಿತು. ನನ್ನನ್ನು ಮಾತಾಡಿ ಎಂದರು. ಎದ್ದು ನಿಂತೆ. ಒಂಬತ್ತು ಗೋಡೆಯ ಮಾತು ಹೇಳಬೇಕೆಂದಿದ್ದೆ. ಎದುರಿಗೆ ಅಕ್ಕಪಕ್ಕದ ಮನೆಯವರೆಲ್ಲ ಕೂತಿದ್ದರು, ನಾಳೆ ಬೆಳಗಾದರೆ ಮುಖ ನೋಡಬೇಕಾದವರು. ‘ಅವರು ಅಪ್ಪಟ ಪರಿಸರಪ್ರೇಮಿ’ ಎಂದೆ. ಚಪ್ಪಾಳೆ ಬಿತ್ತು. ಉಪ್ಪಿಟ್ಟು ಕೊಟ್ಟರು, ತಿಂದೆ, ಚೆನ್ನಾಗಿಯೂ ಇತ್ತು. ಹಿಂದಿನ ಸಾಲಿನಲ್ಲಿ ಗುಲಾಬಿ ಮತ್ತು ಮೂವರು ಹೆಂಗಸರು ಇದ್ದರು. ಅವರು ಏನೂ ಮುಟ್ಟದೆ ಎದ್ದು ಹೋದರು.

ಆ ಹೊತ್ತಿನಲ್ಲಿ ನನಗೆ ನನ್ನ ಮೇಲೆ ಬಂದ ಅಸಹ್ಯವನ್ನು ಬರೆಯಲಾರೆ. ಮರುದಿನವೇ ಆಳು ಕರೆಸಿ ಗೋಡೆಯ ನಡುವೆ ಒಂದು ಸೈಕಲ್ ಹೋಗುವಷ್ಟು ಕಲ್ಲು ಕೀಳಿಸಿದೆ. ಹೆಂಡತಿ ಅಲ್ಲಿನ ಮಣ್ಣು ಗುಡಿಸಿದಳು. ಅದರ ಮಾರನೆಯ ಬೆಳಿಗ್ಗೆ ಹೆದ್ದಾರಿಗೆ ಹೋದೆ. ಡಿವೈಡರಿನ ಈಚೆ, ಬೀಚಿನ ಬದಿಯಲ್ಲಿ ಗುಲಾಬಿ ಮತ್ತು ಮೂವರು ಸೈಕಲ್ ಹಿಡಿದು ನಿಂತಿದ್ದರು. ಗಾಡಿಗಳು ಒಂದರ ಬಾಲಕ್ಕೆ ಒಂದು.

‘ಗುಲಾಬಿ, ನಮ್ಮ ಮನೆಯ ಹತ್ತಿರ ದಾರಿ ಬಿಟ್ಟಿದ್ದೇನೆ. ಗೋಡೆ ತೆಗೆಸಿದೆ,’ ಎಂದೆ.

ಅವಳು ನನ್ನ ಮುಖ ನೋಡಲಿಲ್ಲ. ರಸ್ತೆಯನ್ನೇ ನೋಡುತ್ತಿದ್ದಳು. ಮುರಿದು ಕೂಡಿದ ಕೈ ಸ್ವಲ್ಪ ಸೊಟ್ಟಗಿದೆ, ಹ್ಯಾಂಡಲನ್ನು ಅವಳು ಈಗ ಒಂದೇ ಕೈಯಲ್ಲಿ ಗಟ್ಟಿ ಹಿಡಿಯುತ್ತಾಳೆ.

‘ನಿಮ್ ಗೋಡಿ ದಾಟಿ ಎಲ್ಲಿಗ್ ಹೋಪ್ದ್ ಅಯ್ಯಾ? ನಿಮ್ಮನಿ ಅಂಗ್ಳಕ್ಕಾ? ಮುಂದೆ ಎಂಟ್ ಇತ್ತ್. ನೀವ್ ಕಟ್ಟದ್ ಕಂಡ್ ಅವ್ರ್ ಕಟ್ರ್. ನೀವ್ ತೆಗ್ದದ್ ಕಂಡ್ ತೆಗೀತ್ರಾ? ಕೇಣಿ ಕಾಂಬ.’

ನಾನು ಕೇಳಿಯಾಗಿತ್ತು. ಹಿಂದಿನ ಸಂಜೆ ಎಂಟು ಮನೆಗೂ ಹೋಗಿದ್ದೆ. ಎಲ್ಲರೂ ಕೂರಿಸಿ ಚಹಾ ಕೊಟ್ಟಿದ್ದರು, ಅಷ್ಟೇ.

‘ಅದ್ ಬಿಡಿ,’ ಎಂದಳು ಗುಲಾಬಿ. ‘ಈಗ ದಾಟಿಸ್ತ್ರಿಯಾ ಇಲ್ಯಾ? ಸೈರನ್ ಆಪುಕಾಯ್ತ್. ಆಮೇಲ್ ಗೇಟ್ ಹಾಕ್ತ್ರ್.’

ನಾನು ರಸ್ತೆಗೆ ಇಳಿದು ಕೈ ಎತ್ತಿದೆ. ಲಾರಿ ನಿಲ್ಲಲಿಲ್ಲ. ಹಾರನ್ನಿನ ಸದ್ದಿಗೆ ನಾನೇ ಹಿಂದೆ ಹಾರಿದೆ. ಮತ್ತೆ ಇಳಿದೆ, ಬಸ್ಸು ಬಂತು, ಮತ್ತೆ ಹಿಂದೆ ಬಂದೆ. ಡ್ರೈವರನ ಕಣ್ಣು ನೋಡಬೇಕು ಎಂದು ಗೊತ್ತಿತ್ತು, ನನಗೆ ಚಕ್ರ ಮಾತ್ರ ಕಾಣುತ್ತಿತ್ತು. ಮೂರನೆಯ ಸಲ ಗುಲಾಬಿಯೇ ನನ್ನ ಅಂಗಿ ಹಿಡಿದು ಎಳೆದುಕೊಂಡಳು. ಒಳರಸ್ತೆಯ ಕಡೆಯಿಂದ ಕಾರ್ಖಾನೆಯ ಸೈರನ್ ಕೂಗಿತು. ಐದೂ ಮಂದಿ ನಾವು ಇನ್ನೂ ಈಚೆ ಬದಿಯಲ್ಲೇ ನಿಂತಿದ್ದೆವು.